ಎರಡುಗಂಟೆಯವರೂ ಪರದೇಶದ ಡಿಸ್ಕೂ

ಎರಡುಗಂಟೆಯವರ ಕಾಲು ನೆಲ ಮುಟ್ಟುತ್ತಿರಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ. ಕಾಲೇಜಿನ ಗ್ರಂಥಾಲಯದಲ್ಲಿ ಅವರು ಕೂರುವ ಕೌಂಟರನ್ನು ಯಾರೋ ಪುಣ್ಯಾತ್ಮರು ಆರಡಿ ಆಳಿನ ಅಳತೆಗೆ ಮಾಡಿಸಿದ್ದರು. ಕೌಂಟರಿಗೆ ತಕ್ಕಂತೆ ಕುರ್ಚಿಯೂ ಎತ್ತರ. ಎರಡುಗಂಟೆಯವರು ಮಾತ್ರ ಎರಡಕ್ಕೂ ತಕ್ಕಂತಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಕಾಲು ನೇತುಬಿಟ್ಟು ಕೂತು ಕೂತು ಮೊಣಕಾಲು ನೋವು ಹತ್ತಿತು. ಕಾಲಿಡಲು ಒಂದು ಮಣೆ ಬೇಕೆಂದು ಖರೀದಿ ವಿಭಾಗಕ್ಕೆ ಅರ್ಜಿ ಕೊಟ್ಟರು. ಅಲ್ಲಿನ ಗುಮಾಸ್ತ ಖುದ್ದಾಗಿ ಬಂದು, ಕೌಂಟರಿನ ಹಿಂದೆ ಬಗ್ಗಿ, ಅವರ ಕಾಲನ್ನು ಎಡದಿಂದಲೂ ಬಲದಿಂದಲೂ ಪರೀಕ್ಷಿಸಿದ.

"ಗ್ರಂಥಾಲಯದ ದುಡ್ಡು ಓದೋರಿಗೆ ಉಪಯೋಗ ಆಗೋ ಸಾಮಾನಿಗೆ ಮಾತ್ರ ಸ್ವಾಮಿ. ನಿಮ್ಮ ಕಾಲು ಓದತ್ತಾ?" ಎಂದು ಕೇಳಿ ಹೊರಟುಹೋದ.

ಈ ಮಾತಿಗೆ ತಕ್ಕ ಉತ್ತರ ಎರಡುಗಂಟೆಯವರಿಗೆ ಹೊಳೆದದ್ದು ಮನೆಗೆ ಹೋಗಿ ಕೈಕಾಲು ತೊಳೆಯುವಾಗ. ಆಗ ಅದನ್ನು ಹೆಂಡತಿಗೇ ಹೇಳಬೇಕಾಯಿತು. ಹೆಂಡತಿ ಕೇಳಿಸಿಕೊಂಡು, "ಇದನ್ನ ಅವನಿಗೆ ಹೇಳೋದು ಬಿಟ್ಟು ನನ್ನ ಮೇಲೆ ಯಾಕೆ ಕಿರುಚ್ತಿದೀರಿ?" ಎಂದರು.

ಅವರು ನೋಡಿಕೊಳ್ಳುತ್ತಿದ್ದುದು ಮೀಸಲು ವಿಭಾಗ. ಮೇಷ್ಟ್ರುಗಳು ತಮ್ಮ ಪಾಠಕ್ಕೆ ಬೇಕಾದ ಪುಸ್ತಕ, ಡಿಸ್ಕುಗಳನ್ನು ಅಲ್ಲಿ ತಂದಿಡುತ್ತಾರೆ. ಇರುವುದು ಒಂದೇ ಪ್ರತಿ, ಬೇಕಾದವರು ತರಗತಿ ತುಂಬ. ಹಾಗಾಗಿ ಯಾವುದನ್ನೂ ಆ ಕೋಣೆಯಿಂದ ಆಚೆ ಒಯ್ಯುವಂತಿಲ್ಲ, ಒಬ್ಬರ ಕೈಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರುವಂತಿಲ್ಲ. ಕೌಂಟರಿನ ಮೇಲೊಂದು ಅಲಾರಂ ಗಡಿಯಾರ. ಅದು ಕಿರುಚಿತೆಂದರೆ ಮುಗಿಯಿತು. ಓದುವವರು ವಾಕ್ಯದ ನಡುವೆ ಇರಲಿ, ಪದದ ನಡುವೆ ಇರಲಿ, ಪುಸ್ತಕ ಕೈಬಿಟ್ಟು ಹೋಗುತ್ತಿತ್ತು. ಅವರಿಗೆ ಆ ಹೆಸರು ಬಂದದ್ದು ಹಾಗೆ. ಸ್ವಂತ ಮಗಳು ಅದೇ ಕಾಲೇಜಿಗೆ ಸೇರಿದ ಮೇಲೂ ಕಾನೂನು ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ.

"ಅಪ್ಪಾ, ಇನ್ನೊಂದೇ ಒಂದು ಪ್ಯಾರಾ."

"ಇಲ್ಲಿ ನಾನು ನಿನ್ನಪ್ಪ ಅಲ್ಲ."

"ಮತ್ತೆ ಯಾರು?"

"ವಿಭಾಗ."

ಅವರದು ಇನ್ನೊಂದು ವ್ರತವೂ ಇತ್ತು. ಎಲ್ಲಿಂದ ತೆಗೆದದ್ದೋ ಅಲ್ಲೇ ಇಡಬೇಕು, ಹೇಗಿತ್ತೋ ಹಾಗೇ ಇಡಬೇಕು. ಮನೆಯಲ್ಲೂ ಅಷ್ಟೆ. ಹೆಂಡತಿ ಅರ್ಧ ಬಟ್ಟೆ ಕತ್ತರಿಸಿ ಫೋನ್ ಎತ್ತಲು ಎದ್ದುಹೋದರೆ, ಬರುವಷ್ಟರಲ್ಲಿ ಕತ್ತರಿ ಡಬ್ಬದಲ್ಲಿ, ಡಬ್ಬ ಕಪಾಟಿನಲ್ಲಿ, ಕಪಾಟಿಗೆ ಬೀಗ. ಈ ಒಂದು ಗುಣಕ್ಕೆ ಆಕೆ ಮದುವೆಯಾದಾಗಿನಿಂದ ಹಲ್ಲು ಕಡಿಯುತ್ತಿದ್ದರು.

ಹೀಗಿರುವಾಗ ಒಂದು ದಿನ ಸಿನಿಮಾ ಪಾಠ ಮಾಡುವ ಮೇಡಂ ಓಡೋಡಿ ಬಂದರು. ಹೊರದೇಶದಲ್ಲಿ ಓದಿ ಬಂದ ಹುಡುಗಿ. ಮತ್ತೆ ಎರಡು ತಿಂಗಳು ಹೊರದೇಶಕ್ಕೇ ಹೊರಟಿದ್ದರು. ಟ್ಯಾಕ್ಸಿ ಬಾಗಿಲಲ್ಲೇ ನಿಂತು ಬಾಯಿ ಬಡಿದುಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಒಂದು ಡಿವಿಡಿ, ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ.

"ಸಾರ್, ನಮ್ಮ ಕ್ಲಾಸಿಗೆ ಮೀಸಲು. ಪರೀಕ್ಷೇಲಿ ಈ ಸಿನಿಮಾದ ಕೊನೇ ದೃಶ್ಯದ ಮೇಲೆ ದೊಡ್ಡ ಪ್ರಶ್ನೆ ಇದೆ, ಎಲ್ಲರೂ ನೋಡ್ಲೇಬೇಕು. ಪರೀಕ್ಷೆ ದಿನ ನಾನು ವಾಪಸ್ ಬಂದಿರ್ತೀನಿ. ಈ ಪೆಟ್ಟಿಗೇನೂ ಡಿಸ್ಕ್ ಜೊತೆಗೇ ಇಡಿ, ಯಾಕಂದ್ರೆ ಇದಿಲ್ದೆ ಅದು…"

"ಮೇಡಂ," ಎಂದು ಎರಡುಗಂಟೆಯವರು ಕೈ ಎತ್ತಿದರು, "ಇಷ್ಟು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ. ಏನನ್ನ ಎಲ್ಲಿಡಬೇಕು ಅಂತ ನನಗೆ ಹೇಳಿಕೊಡೋದು ಬೇಡ. ಯಾವ ದೇಶದ ಡಿಸ್ಕಾದ್ರೂ ಸರಿ, ನಮ್ಮಲ್ಲಿ ಎಲ್ಲಾ ಸರಿಯಾಗಿ ನಡೆಯತ್ತೆ. ನೀವು ಹೊರಡಿ, ಟ್ಯಾಕ್ಸಿ ಮೀಟರ್ ಓಡ್ತಿದೆ."

ಮೇಡಂ ಕೈಮುಗಿದು ಓಡಿದರು. ಎರಡುಗಂಟೆಯವರು ಡಿಸ್ಕಿಗೆ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರು. ಪೆಟ್ಟಿಗೆಯನ್ನು ಏನು ಮಾಡುವುದು? ಅದು ಪುಸ್ತಕವಲ್ಲ, ಡಿಸ್ಕಲ್ಲ. ಕಪಾಟಿಗೆ ಹಿಡಿಸುವುದೂ ಇಲ್ಲ. "ನನ್ನದೇನು ಉಗ್ರಾಣವಾ? ಕಂಡಕಂಡೋರ ಗಂಟುಮೂಟೆ ಕಾಯೋಕೆ ಕೂತಿದೀನಾ?" ಎಂದು ಗೊಣಗಿ ಕೌಂಟರಿನ ಕೆಳಗೆ ತಳ್ಳಿದರು. ಕುರ್ಚಿಯಲ್ಲಿ ಕೂತರು. ಕಾಲು ತಾನಾಗಿ ಪೆಟ್ಟಿಗೆಯ ಮೇಲೆ ಹೋಗಿ ಕೂತಿತು. ಅಳತೆ ಕೊಟ್ಟು ಮಾಡಿಸಿದಂತೆ ಸರಿಹೋಯಿತು. ಮೊಣಕಾಲು ನೋವು ಮೂರೇ ದಿನದಲ್ಲಿ ಮಾಯ. ಅದು ಯಾರ ಪೆಟ್ಟಿಗೆ, ಒಳಗೇನಿದೆ ಎಂಬುದು ನೋವಿನ ಜೊತೆಗೇ ಮರೆತುಹೋಯಿತು.

ವಿದ್ಯಾರ್ಥಿಗಳು ವಿದ್ಯಾರ್ಥಿಗಳಂತೆಯೇ ನಡೆದುಕೊಂಡರು. ಪರೀಕ್ಷೆ ತಲೆ ಮೇಲೆ ಬರುವವರೆಗೆ ಒಬ್ಬರೂ ಆ ಡಿಸ್ಕಿನ ಕಡೆ ತಲೆಹಾಕಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಇಡೀ ತರಗತಿ ಬಂದು ಕೌಂಟರಿಗೆ ಮುತ್ತಿಕೊಂಡಿತು. ಅವರಲ್ಲಿ ಮಗಳೂ ಇದ್ದಳು. ಹಿಂದಿನ ವರ್ಷ ಕಾಯಿಲೆ ಬಿದ್ದು ಒಂದು ಪರೀಕ್ಷೆ ತಪ್ಪಿಸಿಕೊಂಡಿದ್ದವಳು. ಈ ಪೇಪರೂ ಕೈಕೊಟ್ಟರೆ ಇಡೀ ವರ್ಷ ಮತ್ತೆ ಕೂರಬೇಕು. ಅವಳು ಮುಂದೆ ಬಂದು ಕೈಚಾಚಿದಳು.

"ನೀನು ಎಲ್ಲರಿಗಿಂತ ಕೊನೆ," ಎಂದರು ಎರಡುಗಂಟೆಯವರು.

"ಯಾಕಪ್ಪಾ? ನಾನೇ ಮೊದಲು ಬಂದಿದ್ದು!"

"ಅದಕ್ಕೇ. ನಾಳೆ ಯಾರೂ ನನ್ನ ಕಡೆ ಬೆರಳು ತೋರಿಸಬಾರದು, ವಿಭಾಗದ ಮಗಳಿಗೆ ಮೊದಲು ಸಿಕ್ತು ಅಂತ. ಹೆದರಬೇಡ. ನಿನ್ನ ಸರದಿ ಬಂದಾಗ ನಿನಗೆ ಆ ಸಿನಿಮಾ ತೋರಿಸೋದು ನನ್ನ ಜವಾಬ್ದಾರಿ. ಮಾತು ಕೊಟ್ಟಿದೀನಿ, ಸಾಕಾ?"

ಮಗಳು ಸಾಕೆಂದು ತಲೆಯಾಡಿಸಿ ಸಾಲಿನ ಹಿಂದಕ್ಕೆ ಹೋದಳು. ಕಂಪ್ಯೂಟರಿನ ಮುಂದೆ ಒಂದೇ ಕುರ್ಚಿ, ಒಂದೇ ಹೆಡ್‌ಫೋನ್; ನೋಡುವುದು ಒಬ್ಬೊಬ್ಬರೇ. ಮೊದಲನೆಯ ವಿದ್ಯಾರ್ಥಿ ಡಿಸ್ಕನ್ನು ಕೋಣೆಯ ಒಂದು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ಒಂದು ಕಿಟಕಿ ತೆರೆಯಿತು. ಈ ಡಿಸ್ಕ್ ನಿಮ್ಮ ಪ್ರದೇಶಕ್ಕೆ ಸೇರಿದ್ದಲ್ಲ ಎಂದು ಬರೆದಿತ್ತು.

ಎರಡುಗಂಟೆಯವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಕಿವಿ ಕೆಂಪಾಯಿತು.

"ಅಂದ್ರೆ? ನಮ್ಮ ಪ್ರದೇಶಕ್ಕೇನು ಬಂದಿದೆ ರೋಗ? ನಾವು ಮನುಷ್ಯರಲ್ವಾ? ದುಡ್ಡು ಕೊಟ್ಟು ತಂದ ಡಿಸ್ಕು, ಕದ್ದು ತಂದಿದ್ದಲ್ಲ! ನೀನು ಯಾವ ಊರೋನು, ನಿನಗಿದು ಯಾಕೆ ಅಂತ ಕೇಳೋಕೆ ಇವನ್ಯಾರು?"

ಕಂಪ್ಯೂಟರ್ ರಿಪೇರಿಯವನನ್ನು ಕರೆಸಲಾಯಿತು. ಅವನು ಸ್ಕ್ರೂಡ್ರೈವರಿನಿಂದ ಕಿವಿ ತುರಿಸಿಕೊಳ್ಳುತ್ತ ವಿಷಯ ಬಿಡಿಸಿ ಹೇಳಿದ. ಸಿನಿಮಾ ಕಂಪನಿಯವರು ಭೂಮಿಯನ್ನು ತುಂಡು ತುಂಡಾಗಿ ಹಂಚಿಕೊಂಡಿದ್ದಾರೆ. ಒಂದೊಂದು ತುಂಡಿಗೆ ಒಂದೊಂದು ನಂಬರು. ಆ ನಂಬರಿನ ಡಿಸ್ಕು ಆ ನಂಬರಿನ ಡ್ರೈವಿನಲ್ಲೇ ಓಡಬೇಕು.

"ಭೂಮಿ ಹಂಚೋಕೆ ಅವರಿಗೆ ಅಧಿಕಾರ ಕೊಟ್ಟೋರ್ಯಾರು?"

"ಅದು ನನಗೆ ಗೊತ್ತಿಲ್ಲ ಸಾರ್. ನನಗೆ ಗೊತ್ತಿರೋದು ಇಷ್ಟು, ಇಲ್ಲಿ ಒತ್ತಿ ದೇಶ ಬದಲಾಯಿಸಿದ್ರೆ ಓಡತ್ತೆ."

"ಇಷ್ಟೇನಾ? ಇದೇನು ಬ್ರಹ್ಮವಿದ್ಯೆ! ನೀನು ಹೋಗು, ನಾನು ನೋಡ್ಕೋತೀನಿ."

"ಸಾರ್, ಇನ್ನೊಂದು ವಿಷಯ…"

"ಹೋಗೋ ಅಂದ್ರೆ!"

ಅವನು ಹೋದ. ಎರಡುಗಂಟೆಯವರು ಮೊದಲು ನಮ್ಮ ಪ್ರದೇಶವನ್ನು ಒತ್ತಿ ಶಾಸ್ತ್ರೋಕ್ತವಾಗಿ ಸ್ಥಾಪಿಸಿದರು. ನಮ್ಮ ಮನೆ ನಮ್ಮದೆಂದು ಗಟ್ಟಿಯಾಗಬೇಕಲ್ಲ. ಆಮೇಲೆ ಪರದೇಶಕ್ಕೆ ಬದಲಾಯಿಸಿದರು. ಸಿನಿಮಾ ಓಡಿತು. ಇಡೀ ತರಗತಿ ಚಪ್ಪಾಳೆ ತಟ್ಟಿತು. ಮಗಳು ಪಕ್ಕದವಳಿಗೆ, "ನಮ್ಮಪ್ಪನಿಗೆ ಗೊತ್ತಿಲ್ದೆ ಇರೋದು ಯಾವುದೂ ಇಲ್ಲ" ಎಂದದ್ದು ಅವರ ಕಿವಿಗೂ ಬಿತ್ತು. ಆ ಒಂದು ಮಾತಿಗೆ ಅವರು ಅರ್ಧ ಅಡಿ ಎತ್ತರವಾದರು.

ಎರಡು ಗಂಟೆಯಾದಾಗ ಅಲಾರಂ ಕಿರುಚಿತು. ಸಿನಿಮಾ ಇನ್ನೂ ಮುಗಿದಿರಲಿಲ್ಲ. ಅದು ಎರಡು ಗಂಟೆಗಿಂತ ಉದ್ದ. ಎರಡುಗಂಟೆಯವರು ಡಿಸ್ಕ್ ಎಳೆದುಕೊಂಡರು.

"ಸಾರ್, ಕೊನೇ ದೃಶ್ಯ!"

"ಸಾಲಿನ ಕೊನೇಲಿ ಹೋಗಿ ನಿಲ್ಲು. ಸರದಿ ಬಂದಾಗ ನೋಡೀಯಂತೆ."

ಡಿಸ್ಕ್ ಕಪಾಟಿಗೆ ಹೋಯಿತು. ಡ್ರೈವು? ಅದನ್ನು ಪರದೇಶದಲ್ಲೇ ಬಿಟ್ಟುಬಿಡುವುದೇ? ಎಲ್ಲಾದರೂ ಉಂಟೇ! ಹೇಗಿತ್ತೋ ಹಾಗೆ ನಮ್ಮ ಪ್ರದೇಶಕ್ಕೆ ವಾಪಸ್ ತಂದರು. ಮುಂದಿನವನು ಬಂದಾಗ ಮತ್ತೆ ಪರದೇಶ, ಅವನು ಎದ್ದಾಗ ಮತ್ತೆ ಸ್ವದೇಶ. ಪ್ರತಿ ಸಲವೂ ಒಂದು ಕಿಟಕಿ ತೆರೆದು, ನೀವು ಇನ್ನು ಇಷ್ಟು ಸಲ ಮಾತ್ರ ಬದಲಾಯಿಸಬಹುದು ಎಂದು ಹೇಳುತ್ತಿತ್ತು. ಎರಡುಗಂಟೆಯವರು ಅದನ್ನು ಓದಿರಲಿಲ್ಲವೆಂದಲ್ಲ. ಓದಿದ್ದರು, ನಕ್ಕಿದ್ದರು. ಗ್ರಂಥಾಲಯದಲ್ಲಿ ತಲೆ ನರೆತವರಿಗೆ ಇಷ್ಟು ತಿಳಿಯದೇ? ಪುಸ್ತಕ ಒಯ್ದವನ ಕಾರ್ಡಿನಲ್ಲಿ ಒಂದು ಕಮ್ಮಿಯಾಗುತ್ತದೆ; ವಾಪಸ್ ತಂದಾಗ ಆ ಒಂದು ಅವನಿಗೆ ಮರಳಿ ಸಿಗುತ್ತದೆ. ತಾವಂತೂ ಪ್ರತಿ ಸಲವೂ ಹೊತ್ತಿಗೆ ಸರಿಯಾಗಿ ವಾಪಸ್ ಮಾಡುತ್ತಿದ್ದಾರೆ. ಬಾಕಿ ಎಲ್ಲಿಂದ ಬರಬೇಕು?

ಬಂತು. ಮೂರನೆಯವನು ಕೂತಾಗ ಕಂಪ್ಯೂಟರ್ ಜಪ್ಪಯ್ಯ ಅಂದರೂ ದೇಶ ಬದಲಾಯಿಸಲಿಲ್ಲ. "ಹಾಳಾಗಿ ಹೋಗಲಿ" ಎಂದು ಎರಡನೆಯ ಕಂಪ್ಯೂಟರಿಗೆ ಹೋದರು. ಅಲ್ಲೂ ಮೊದಲು ಸ್ವದೇಶ, ಆಮೇಲೆ ಪರದೇಶ, ಮತ್ತೆ ಸ್ವದೇಶ. ಅದೂ ಕೈಕೊಟ್ಟಿತು. ಮೂರನೆಯದೂ ಅದೇ ದಾರಿ ಹಿಡಿಯಿತು. ಕೋಣೆಯಲ್ಲಿ ಇದ್ದದ್ದೇ ಮೂರು.

ರಿಪೇರಿಯವನು ಮತ್ತೆ ಬಂದ. ನೋಡಿದ. ತಲೆ ಮೇಲೆ ಕೈ ಹೊತ್ತು ನೆಲದ ಮೇಲೇ ಕೂತುಬಿಟ್ಟ.

"ಸಾರ್, ಒಂದು ಡ್ರೈವಿಗೆ ಐದೇ ಸಲ. ಐದಾದ ಮೇಲೆ ಎಲ್ಲಿ ನಿಂತಿರತ್ತೋ ಅಲ್ಲೇ ಜನ್ಮಪೂರ್ತಿ ಬೀಗ. ಇದನ್ನೇ ಹೇಳೋಕೆ ಬಂದೆ ಆವತ್ತು, ನೀವು ಅಟ್ಟಿಬಿಟ್ರಿ!"

"ನಾನು ವಾಪಸ್ ಮಾಡಿದೀನಲ್ಲಯ್ಯಾ! ಪ್ರತಿ ಸಲ!"

"ಅಯ್ಯೋ, ವಾಪಸ್ ಮಾಡಿದ್ದೂ ಲೆಕ್ಕಕ್ಕೆ ಬಂತು ಸಾರ್. ಒಂದ್ಸಲ ಪರದೇಶಕ್ಕೆ ಬದಲಾಯಿಸಿ ಸುಮ್ನೆ ಕೈಕಟ್ಟಿ ಕೂತಿದ್ದಿದ್ರೆ ಇಡೀ ಕ್ಲಾಸು ಹತ್ತು ಸಲ ನೋಡಬಹುದಿತ್ತು."

ಎರಡುಗಂಟೆಯವರಿಗೆ ಮೈ ಉರಿದುಹೋಯಿತು. ವಾಪಸ್ ತಂದುಕೊಟ್ಟವನಿಗೇ ದಂಡ ಹಾಕುವ ಗ್ರಂಥಾಲಯವನ್ನು ಪ್ರಪಂಚದಲ್ಲಿ ಯಾರಾದರೂ ಕಂಡಿದ್ದಾರೆಯೇ? "ಬಳಸಿದ್ದನ್ನ ಬಳಸಿದ ಜಾಗದಲ್ಲೇ ಬಿಟ್ಟು ಎದ್ದು ಹೋಗೋನಿಗೆ ಬಹುಮಾನ, ಒಪ್ಪವಾಗಿಟ್ಟೋನಿಗೆ ಬೀಗ! ಇದನ್ನ ಮಾಡಿದೋನು ಜೀವನದಲ್ಲಿ ಒಂದು ಪುಸ್ತಕಾನೂ ವಾಪಸ್ ಕೊಟ್ಟಿರಲಿಕ್ಕಿಲ್ಲ!" ಎಂದು ಇಡೀ ವಾಚನಾಲಯ ತಲೆಯೆತ್ತುವಂತೆ ಗುಡುಗಿದರು. 'ನಿಶ್ಶಬ್ದ' ಎಂಬ ಫಲಕ ಅವರ ತಲೆಯ ಮೇಲೇ ತೂಗುತ್ತಿತ್ತು.

ರಿಪೇರಿಯವನು ಹತ್ತಿರ ಬಂದು ದನಿ ತಗ್ಗಿಸಿದ. "ಬೇಕಾದ್ರೆ ಬೀಗ ಒಡೆಯೋ ಸಾಫ್ಟ್‌ವೇರ್ ಇದೆ. ಇಲ್ಲಾಂದ್ರೆ ಒಂದು ಕಾಪಿ ಹೊಡೆದುಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗತ್ತಲ್ಲೋ! ಗ್ರಂಥಾಲಯದಲ್ಲಿ ಕೂತು ಕಳ್ಳತನ ಮಾಡು ಅಂತೀಯಾ? ಎದ್ದೇಳು ಇಲ್ಲಿಂದ!"

ಮೇಡಂಗೆ ಇ-ಮೇಲ್ ಕಳಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ನಾನು ರಜೆಯಲ್ಲಿದ್ದೇನೆ, ನಿಮ್ಮ ಸಹಕಾರಕ್ಕೆ ಧನ್ಯವಾದ. "ಯಾವ ಸಹಕಾರ? ನಾನಿನ್ನೂ ಮಾಡೇ ಇಲ್ಲವಲ್ಲ!" ಎಂದು ಅದಕ್ಕೂ ಉತ್ತರ ಬರೆದರು. ಮತ್ತೆ ಅದೇ ಧನ್ಯವಾದ ಬಂತು. ಮೂರನೆಯ ಧನ್ಯವಾದಕ್ಕೆ ಅವರೇ ಸೋತು ಕೈಬಿಟ್ಟರು.

ಉಳಿದದ್ದು ಖರೀದಿ ವಿಭಾಗ. ಎಲ್ಲ ಪ್ರದೇಶಗಳ ಡಿಸ್ಕನ್ನೂ ಓಡಿಸುವ ಪ್ಲೇಯರ್ ಎಂಬುದೊಂದು ಪೇಟೆಯಲ್ಲಿ ಸಿಗುತ್ತದೆಯೆಂದು ಕೇಳಿ, ಅವಮಾನವನ್ನು ನುಂಗಿಕೊಂಡು ಅದೇ ಗುಮಾಸ್ತನ ಮುಂದೆ ಹೋಗಿ ನಿಂತರು. ಗುಮಾಸ್ತ ಪೆನ್ನಿನ ಮುಚ್ಚಳವನ್ನು ಕಚ್ಚಿಕೊಂಡು ಯೋಚಿಸಿದ.

"ಎಲ್ಲಾ ಪ್ರದೇಶದ್ದೂ ಓಡಿಸೋ ಮಿಷಿನ್ನು. ಸರಿ. ಈಗ ನಾವು ಎಷ್ಟು ಪ್ರದೇಶದಲ್ಲಿದೀವಿ ಸ್ವಾಮಿ?"

"ಒಂದರಲ್ಲಿ."

"ಮತ್ತೆ ಉಳಿದಿದ್ದು ಯಾಕೆ? ಒಂದು ಪ್ರದೇಶದೋರಿಗೆ ಎಲ್ಲಾ ಪ್ರದೇಶದ ಮಿಷಿನ್ ಕೊಡಿಸಿದ್ರೆ ನಾಳೆ ಆಡಿಟ್‌ನೋರು ನನ್ನ ಕುತ್ತಿಗೆ ಹಿಡೀತಾರೆ. ಅಂದ ಹಾಗೆ, ಕಾಲು ಹೇಗಿದೆ?"

ಎರಡುಗಂಟೆಯವರು ಈ ಸಲವೂ ತಕ್ಕ ಉತ್ತರವನ್ನು ಹೆಂಡತಿಗೇ ಕೊಟ್ಟರು. ಆದರೆ ಹೆಂಡತಿ ಆವತ್ತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮಗಳು ಊಟ ಬಿಟ್ಟು ಕೋಣೆ ಬಾಗಿಲು ಹಾಕಿಕೊಂಡಿದ್ದಳು.

"ಹೊರಗಿನೋರಿಗೆಲ್ಲ ತೋರಿಸಿದ್ರಿ, ಹೊಟ್ಟೇಲಿ ಹುಟ್ಟಿದೋಳನ್ನ ಸಾಲಿನ ಕೊನೇಲಿ ನಿಲ್ಲಿಸಿದ್ರಿ! ನ್ಯಾಯವಂತರು! ಅವಳ ವರ್ಷ ಹೋದ್ರೆ ಅದನ್ನೂ ಎಲ್ಲಿಂದ ತೆಗೆದ್ರೋ ಅಲ್ಲಿ ವಾಪಸ್ ಇಡ್ತೀರಾ? ಎದ್ದು ಎದುರುಮನೆಗೆ ಹೋಗಿ. ಅವರ ಹತ್ರ ಕಂಪ್ಯೂಟರ್ ಇದೆ. ಒಂದ್ಸಲ ಬದಲಾಯಿಸಿ, ಕೈಕಟ್ಟಿ ಕೂತ್ಕೊಳ್ಳಿ. ಆಮೇಲೆ ಇವಳನ್ನ ಕರೀರಿ."

ಡಿಸ್ಕನ್ನು ಕೋಣೆಯಿಂದ ಆಚೆ ಒಯ್ಯುವಂತಿಲ್ಲವಲ್ಲ ಎಂದು ಎರಡುಗಂಟೆಯವರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡರು. ಮೊದಲು ಡ್ರೈವನ್ನು ಪರದೇಶಕ್ಕೆ ತಿರುಗಿಸಿ ಬರೋಣ, ಡಿಸ್ಕಿನ ಮಾತು ಆಮೇಲೆ ಎಂದು ಹೊರಟರು.

ಎದುರುಮನೆಯವರು ನಿವೃತ್ತ ಸ್ಟೇಷನ್ ಮಾಸ್ಟರ್. ಅವರ ಹೆಂಡತಿಗೆ ಹಳೆಯ ಸಿನಿಮಾದ ಹುಚ್ಚು. ಅಂಗಡಿಯಿಂದ ತಂದ ಡಿಸ್ಕುಗಳು ಕಪಾಟಿನ ತುಂಬ. ಮಧ್ಯಾಹ್ನವಾಯಿತೆಂದರೆ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಹಾಕಿಕೊಂಡು ಅಳುವುದು ಆಕೆಯ ದಿನಚರಿ. ಮಗುವಿನ ಪರೀಕ್ಷೆ ಎಂದ ಕೂಡಲೇ ಇಬ್ಬರೂ ಕುರ್ಚಿ ಎಳೆದು ಕೂರಿಸಿದರು.

ದೇಶಗಳ ಪಟ್ಟಿ ತೆರೆಯಿತು. ಅಕ್ಷರಗಳು ಸಾಸಿವೆಯಷ್ಟು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಎರಡುಗಂಟೆಯವರು ಕಣ್ಣು ಕಿರಿದು ಮಾಡಿ ಒತ್ತಿದರು. ಬೇಕಾದ ದೇಶದ ಮೇಲಿನ ದೇಶ ಬಿತ್ತು.

"ಟೀಗೆ ಸಕ್ಕರೆ ಎಷ್ಟು?" ಎಂದು ಒಳಗಿಂದ ಆಕೆ ಕೇಳಿದರು.

"ಒಂದು," ಎನ್ನುತ್ತ ಮತ್ತೆ ಒತ್ತಿದರು. ಕೆಳಗಿನ ದೇಶ ಬಿತ್ತು.

"ಎರಡು ಹಾಕಿದೀನಿ, ಪರವಾಗಿಲ್ವಾ?"

"ಪರವಾಗಿಲ್ಲ," ಎಂದರು. ಬೆರಳು ಮೌಸಿನ ಚಕ್ರದ ಮೇಲಿತ್ತು. ಪಟ್ಟಿ ಸರ್ರನೆ ಜಾರಿ ಇನ್ಯಾವುದೋ ದೇಶ ಬಿತ್ತು. ತಿದ್ದಲು ಹೋದರೆ ಮತ್ತೆ ಜಾರಿತು. ಏನೋ ಒಂದು ಕಿಟಕಿ ತೆರೆದು, ಇದೇ ಕೊನೆಯ ಸಲ, ಖಚಿತವೇ ಎಂದು ಕೇಳಿತು. ಅಷ್ಟರಲ್ಲಿ ಬಿಸಿ ಟೀ ಮೂಗಿನ ಹತ್ತಿರ ಬಂತು. "ಸಾಕು ಸಾಕು, ಇಲ್ಲೇ ಇಡಿ" ಎಂದು ಗಾಬರಿಯಲ್ಲಿ ಕೈ ಹಿಂದೆಳೆದರು. ಬೆರಳು ಒತ್ತಿಯೇಬಿಟ್ಟಿತು.

ಸ್ಟೇಷನ್ ಮಾಸ್ಟರರು ಬಗ್ಗಿ ಓದಿದರು. "ಇದ್ಯಾವ ದೇಶಾರೀ? ನಾನು ಹೆಸರೇ ಕೇಳಿಲ್ಲ."

ಗೋಡೆಯ ಮೇಲಿನ ಭೂಪಟದ ಮುಂದೆ ಮೂವರೂ ಭೂತಗನ್ನಡಿ ಹಿಡಿದು ನಿಂತರು. ಸಮುದ್ರದ ನಡುವೆ ನೊಣದ ಹಿಕ್ಕೆಯಂಥ ಚುಕ್ಕೆಯೊಂದು ಕೊನೆಗೆ ಸಿಕ್ಕಿತು. ಆ ಕಂಪ್ಯೂಟರ್ ಇನ್ನು ಬಾಳಿ ಬದುಕಬೇಕಾದದ್ದು ಅಲ್ಲಿ. ಮೇಡಂ ಅವರ ಡಿಸ್ಕೂ ಅದಕ್ಕೆ ಪರದೇಶದ್ದು, ಮನೆಯಾಕೆಯ ಕಪಾಟಿನ ಡಿಸ್ಕುಗಳೂ ಪರದೇಶದವು.

"ನನ್ನ ಇಡೀ ಸರ್ವೀಸಲ್ಲಿ ಒಂದೇ ಒಂದು ಗಾಡಿ ತಪ್ಪು ಹಳಿಗೆ ಹೋಗಿಲ್ಲ ರೀ!" ಎಂದು ಸ್ಟೇಷನ್ ಮಾಸ್ಟರರು ಎದೆ ಬಡಿದುಕೊಂಡರು. "ನೀವು ಟೀ ಕುಡಿಯೋ ಹೊತ್ತಲ್ಲಿ ನನ್ನ ಮನೇನೇ ಸಮುದ್ರಕ್ಕೆ ಕಳಿಸಿದ್ರಲ್ಲ!"

"ನಾಳೆ ಮಧ್ಯಾಹ್ನ ನಾನು ಏನು ನೋಡಿ ಅಳಲಿ?" ಎಂದು ಆಕೆ ಆವತ್ತೇ ಅಳಲು ಶುರುಮಾಡಿದರು.

"ನನ್ನನ್ನ ಯಾಕೆ ಬೈತೀರಿ? ಭೂಮಿ ತುಂಡು ಮಾಡಿದೋರನ್ನ ಬೈಯಿರಿ!" ಎನ್ನುತ್ತ ಎರಡುಗಂಟೆಯವರು ಚಪ್ಪಲಿ ಹುಡುಕಿಕೊಂಡು ಜಾಗ ಖಾಲಿ ಮಾಡಿದರು. ಆಮೇಲೆ ಆ ಬೀದಿಯಲ್ಲಿ ಯಾರ ಮನೆ ಬಾಗಿಲಿಗೆ ಹೋದರೂ ಕಂಪ್ಯೂಟರ್ ಕೆಟ್ಟಿದೆ ಎಂಬ ಉತ್ತರ ಒಳಗಿನಿಂದಲೇ ಬರುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಇಡೀ ತರಗತಿ ಮೀಸಲು ವಿಭಾಗಕ್ಕೆ ನುಗ್ಗಿತು. ಬಹಳ ಜನ ಸಿನಿಮಾವನ್ನೇ ನೋಡಿರಲಿಲ್ಲ. ನೋಡಿದ ನಾಲ್ಕಾರು ಜನಕ್ಕೂ ಕೊನೆಯ ದೃಶ್ಯ ದಕ್ಕಿರಲಿಲ್ಲ, ಅಲಾರಂ ಅದಕ್ಕೆ ಮೊದಲೇ ಹೊಡೆದಿತ್ತು. ದೊಡ್ಡ ಪ್ರಶ್ನೆ ಇದ್ದದ್ದು ಅದರ ಮೇಲೆ. ಗದ್ದಲ ಕೇಳಿ ಮುಖ್ಯ ಗ್ರಂಥಪಾಲಕರೂ ತಮ್ಮ ಕೋಣೆಯಿಂದ ಎದ್ದು ಬಂದರು. ಅವರು ಅಪರೂಪಕ್ಕೆ ಏಳುವವರು.

"ಏನ್ರೀ ಇದು? ಮೂರು ಕಂಪ್ಯೂಟರ್ ಹಾಳು ಮಾಡಿದೀರಂತೆ!"

"ನಾನು ಹಾಳು ಮಾಡಿಲ್ಲ ಸಾರ್, ಸರಿಯಾಗಿ ಇಟ್ಟಿದೀನಿ! ಸರಿಯಾಗಿ ಇಡೋದೇ ತಪ್ಪು ಅನ್ನೋ ಕಾಲ ಬಂದ್ರೆ ನಾನೇನು ಮಾಡಲಿ?" ಎಂದು ಎರಡುಗಂಟೆಯವರು ಎರಡೂ ಹಿಮ್ಮಡಿಯನ್ನು ಪೆಟ್ಟಿಗೆಗೆ ಊರಿ ಮುಂದಕ್ಕೆ ಬಾಗಿದರು. ಸಿಟ್ಟು ಬಂದಾಗ ಹಾಗೆ ಊರುವುದು ಅವರಿಗೆ ರೂಢಿಯಾಗಿತ್ತು. "ಮೇಡಂ ಆದ್ರೂ ಒಂದು ಮಾತು ಹೇಳಬಾರದಿತ್ತಾ? ಈ ಡಿಸ್ಕು ಇಲ್ಲಿ ಓಡಲ್ಲ ಅಂತ? ಕೊಟ್ಟು ಓಡಿಹೋದ್ರು! ಬೇಜವಾಬ್ದಾರಿ!"

ಡಿಸ್ಕನ್ನೆತ್ತಿ ಕೌಂಟರಿಗೆ ಕುಕ್ಕಿದರು. ಅದು ಪುಟಿದು ಕೌಂಟರಿನ ಕೆಳಗೆ, ಪೆಟ್ಟಿಗೆಯ ಹಿಂದೆ ಬಿತ್ತು. ಮಗಳು ಅಪ್ಪನ ಮುಖವನ್ನೂ ನೋಡದೆ ಸುತ್ತಿ ಬಂದು, ಡಿಸ್ಕನ್ನು ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದವಳು ಏಳಲಿಲ್ಲ.

"ಅಪ್ಪಾ."

"ವಿಭಾಗ ಅನ್ನು."

"ವಿಭಾಗ, ಕಾಲು ತೆಗಿ."

"ಯಾಕೆ ತೆಗೀಬೇಕು? ನನ್ನ ಮೊಣಕಾಲು…"

"ಅಪ್ಪಾ, ಕಾಲು ತೆಗಿ ಅಂದೆ!"

ಆ ದನಿ ಥೇಟ್ ಹೆಂಡತಿಯದು. ಕಾಲು ತಾನಾಗಿ ಮೇಲೆ ಬಂತು. ಮಗಳು ಪೆಟ್ಟಿಗೆಯನ್ನು ಎಳೆದು ಎಲ್ಲರಿಗೂ ಕಾಣುವಂತೆ ಕೌಂಟರಿನ ಮೇಲಿಟ್ಟಳು. ಇಷ್ಟು ದಿನ ಗೋಡೆಗೆ ಮುಖ ಮಾಡಿಕೊಂಡಿದ್ದ ಬದಿಯಲ್ಲಿ ಡಿವಿಡಿ ಪ್ಲೇಯರಿನ ದೊಡ್ಡ ಬಣ್ಣದ ಚಿತ್ರವಿತ್ತು. ಅದರ ಕೆಳಗೆ ದಪ್ಪಕ್ಷರದಲ್ಲಿ, ಎಲ್ಲ ಪ್ರದೇಶಗಳ ಡಿಸ್ಕುಗಳಿಗೂ ಎಂದಿತ್ತು.

ಗೋಡೆಯ ಮೇಲಿನ ಫಲಕ ಕೇಳುತ್ತಿದ್ದ ನಿಶ್ಶಬ್ದ ಆ ಕೋಣೆಗೆ ಅಂದು ಮೊದಲ ಸಲ ಬಂತು. ಮುಖ್ಯ ಗ್ರಂಥಪಾಲಕರು ಪೆಟ್ಟಿಗೆಯನ್ನು ನೋಡಿದರು, ಎರಡುಗಂಟೆಯವರನ್ನು ನೋಡಿದರು, ಮತ್ತೆ ಪೆಟ್ಟಿಗೆಯನ್ನು ನೋಡಿದರು. ಎರಡುಗಂಟೆಯವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. 'ಇದಿಲ್ದೆ ಅದು' ಎಂದು ಟ್ಯಾಕ್ಸಿಯ ಗಲಾಟೆಯ ನಡುವೆ ಮೇಡಂ ಹೇಳಹೊರಟದ್ದು ಈಗ ಪೂರ್ತಿ ಕೇಳಿಸಿತು.

"ನನ್ನ ಮುಖ ಏನು ನೋಡ್ತೀರಿ? ಟಿವಿಗೆ ಸಿಕ್ಕಿಸಿ!" ಎಂದು ಗದರಿದರು. ದನಿಯಲ್ಲಿ ಎಂದಿನ ಕಸುವಿರಲಿಲ್ಲ.

ಗ್ರಂಥಾಲಯದ ನಿಯಮಗಳನ್ನು ತೋರಿಸಲೆಂದು ತೂಗುಹಾಕಿದ್ದ ಹಳೆಯ ಟಿವಿಗೆ ಪ್ಲೇಯರ್ ಸಿಕ್ಕಿಸಿದರು. ಡಿಸ್ಕ್ ಹಾಕಿದರು. ಯಾವ ಕಿಟಕಿಯೂ ತೆರೆಯಲಿಲ್ಲ, ನೀವು ಯಾವ ಊರಿನವರೆಂದು ಯಾರೂ ಕೇಳಲಿಲ್ಲ. ಸಿನಿಮಾ ಶುರುವಾಯಿತು. ಎಲ್ಲರ ಪರವಾಗಿ ಮಗಳ ಹೆಸರಿನಲ್ಲಿ ಡಿಸ್ಕ್ ಬರೆದುಕೊಟ್ಟು, ಎರಡುಗಂಟೆಯವರು ರೂಢಿಯಂತೆ ಅಲಾರಂ ತಿರುಗಿಸಿದರು. ಕಾಲು ನೇತುಬಿಟ್ಟು ಕೂತರು.

ಒಂದು ದ್ವೀಪ, ಅಲ್ಲೊಬ್ಬ ದೋಣಿ ಕಾಯುವ ಮುದುಕ. ಜನರನ್ನು ಹತ್ತಿಸುತ್ತಾನೆ, ಇಳಿಸುತ್ತಾನೆ. ತಾನು ಮಾತ್ರ ಒಂದು ದಿನವೂ ದಾಟಿದವನಲ್ಲ. ಆಚೆ ದಡದಲ್ಲಿ ಅವನ ಮಗಳಿದ್ದಾಳೆ. ಎರಡುಗಂಟೆಯವರು ಮೊದಲು ಓರೆಗಣ್ಣಿನಲ್ಲಿ ನೋಡಿದರು. ಆಮೇಲೆ ಕುರ್ಚಿಯನ್ನೇ ತಿರುಗಿಸಿಕೊಂಡರು. ಮುದುಕ ಕೊಡೆ ಹಿಡಿದು ಕೊನೆಯ ದೋಣಿಯ ಕಡೆ ಹೆಜ್ಜೆಯಿಟ್ಟ. ಇಡೀ ಕೋಣೆ ಉಸಿರು ಬಿಗಿಹಿಡಿಯಿತು.

ಅಲಾರಂ ಕಿರುಚಿತು.

ಎಲ್ಲರ ಕಣ್ಣೂ ಎರಡುಗಂಟೆಯವರ ಮೇಲೆ. ಅವರು ಕುರ್ಚಿಯಿಂದ ಜಾರಿ ಇಳಿದು, ನೇರ ಪ್ಲೇಯರಿನ ಹತ್ತಿರ ಹೋಗಿ, ಡಿಸ್ಕ್ ಹೊರತೆಗೆದರು. ಕೋಣೆಯ ತುಂಬ ಹಾಹಾಕಾರ.

"ಇದು ಅನ್ಯಾಯ ಸಾರ್!"

"ರೀ, ನಿಮಗೇನು ತಲೆ ಕೆಟ್ಟಿದೆಯಾ?" ಎಂದರು ಮುಖ್ಯ ಗ್ರಂಥಪಾಲಕರು. ಆ ಮುದುಕನ ಗತಿ ಏನಾಯಿತೆಂದು ಅವರಿಗೂ ತಿಳಿಯಬೇಕಿತ್ತು.

ಮಗಳು ಮಾತ್ರ ಅಪ್ಪನನ್ನು ನೋಡಿದಳು, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಳ್ಳತೊಡಗಿದಳು.

ಎರಡುಗಂಟೆಯವರು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಡಿಸ್ಕನ್ನು ಒರೆಸಿ, ಡಬ್ಬಕ್ಕೆ ಹಾಕಿ, ಕಪಾಟಿನಲ್ಲಿ ಅದರ ಜಾಗದಲ್ಲಿಟ್ಟರು. ಕಪಾಟಿನ ಬಾಗಿಲು ಹಾಕಿದರು. ಕುರ್ಚಿ ಹತ್ತಿದರು.

"ಮುಂದಿನ ಸರದಿ ಯಾರದು?" ಎಂದು ಗಟ್ಟಿಯಾಗಿ ಕೇಳಿದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರೂ ಇಲ್ವಾ? ಹಾಗಾದ್ರೆ ನನ್ನದು." ಕುರ್ಚಿಯಿಂದ ಮತ್ತೆ ಇಳಿದು, ಕಪಾಟಿನಿಂದ ಡಿಸ್ಕ್ ತೆಗೆದು, ತಮ್ಮ ಹೆಸರಿಗೆ ತಾವೇ ಬರೆದುಕೊಂಡು, ತಾವೇ ಸಹಿ ಹಾಕಿ, ಅಲಾರಂ ತಿರುಗಿಸಿದರು. "ಈಗ ಈ ಸಿನಿಮಾ ಎರಡು ಗಂಟೆ ಹೊತ್ತು ನನ್ನದು. ಎಲ್ಲಿಂದ ಬೇಕಾದ್ರೂ ನೋಡ್ತೀನಿ, ಕೇಳೋಕೆ ಯಾರಿಗೂ ಹಕ್ಕಿಲ್ಲ. ನನ್ನ ಬೆನ್ನ ಹಿಂದೆ ಕೂತು ಯಾರು ಏನು ನೋಡ್ತಾರೆ ಅನ್ನೋದು ನನಗೆ ಸಂಬಂಧಪಟ್ಟಿದ್ದಲ್ಲ. ಏಯ್, ಕೊನೇ ದೃಶ್ಯ ಹಾಕು!"

ಕೊನೆಗೂ ದೃಶ್ಯ ಬಂತು. ಮುದುಕ ದೋಣಿ ಹತ್ತಲಿಲ್ಲ. ದಡದಲ್ಲೇ ನಿಂತು ಹಗ್ಗ ಬಿಚ್ಚಿ ದೋಣಿಯನ್ನು ಕಳಿಸಿಕೊಟ್ಟ. ಪರದೆ ಕಪ್ಪಾಯಿತು.

"ಹತ್ತಬೇಕಿತ್ತು!" ಎಂದು ಎರಡುಗಂಟೆಯವರು ಕುರ್ಚಿಯಿಂದ ಜಿಗಿದರು. ಕಣ್ಣು ಒದ್ದೆಯಾಗಿತ್ತು. ಅದಕ್ಕೂ ಅವರಿಗೆ ಸಿಟ್ಟೇ ಬಂದಿತ್ತು. "ಮುಠ್ಠಾಳ! ಮಗಳು ಕಾಯ್ತಿದಾಳೆ ಅಲ್ಲಿ! ಒಂದು ದಿನ ಕೆಲಸ ಬಿಟ್ಟಿದ್ರೆ ಏನು ಸಮುದ್ರ ಬತ್ತಿಹೋಗ್ತಿತ್ತಾ?"

ಮಗಳು ಕಿಸಕ್ಕನೆ ನಕ್ಕಳು. ಆಮೇಲೆ ಪುಸ್ತಕ ತೆರೆದು ಅಪ್ಪನ ಆ ಮಾತನ್ನೇ ಮೊದಲ ಸಾಲಾಗಿ ಬರೆದುಕೊಂಡಳು.

ಮರುದಿನ ಮೇಡಂ ವಾಪಸ್ ಬಂದರು. ಪರೀಕ್ಷೆ ಮುಗಿಸಿ ಬಂದ ಮಗಳೂ ಅಲ್ಲೇ ಇದ್ದಳು. ಒಳ್ಳೆಯದಾಗಿ ಬರೆದಿದ್ದೇನೆಂದು ಅವಳ ಮುಖವೇ ಹೇಳುತ್ತಿತ್ತು.

"ಪ್ಲೇಯರ್ ಏನೂ ತೊಂದ್ರೆ ಕೊಡ್ಲಿಲ್ಲ ತಾನೇ ಸಾರ್?"

"ಒಂದು ದಿನವೂ ಇಲ್ಲ," ಎಂದರು ಎರಡುಗಂಟೆಯವರು ಗಂಭೀರವಾಗಿ. "ಬಂದ ದಿನದಿಂದ ನನ್ನ ಹತ್ತಿರಾನೇ ಇಟ್ಕೊಂಡಿದ್ದೆ."

ಮೇಡಂ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಮುಚ್ಚಳದ ಮೇಲೆ ಅಕ್ಕಪಕ್ಕ ಎರಡು ಗುಳಿ ಬಿದ್ದಿದ್ದವು. ಹಿಮ್ಮಡಿಯ ಅಚ್ಚು, ಎರಕ ಹೊಯ್ದ ಹಾಗೆ. "ಇದೇನು ಸಾರ್?"

ಎರಡುಗಂಟೆಯವರು ಮಗಳ ಕಡೆ ನೋಡಿದರು. ಮಗಳು ಮಾಡಿನ ಕಡೆ ನೋಡಿದಳು. ಸಹಾಯ ಬರಲಿಲ್ಲ. ಎರಡುಗಂಟೆಯವರ ಮೂಗಿನ ಹೊಳ್ಳೆ ಅರಳಿತು.

"ನನ್ನನ್ನ ಕೇಳಬೇಡಿ ಮೇಡಂ! ಖರೀದಿ ವಿಭಾಗದ ಗುಮಾಸ್ತನನ್ನ ಕೇಳಿ! ಆವತ್ತೇ ಅವನು ಒಂದು ಕಾಲುಮಣೆ ಕೊಟ್ಟಿದ್ದಿದ್ರೆ ಮೂರು ಕಂಪ್ಯೂಟರ್ ಉಳೀತಿತ್ತು, ಎದುರುಮನೆ ಸಮುದ್ರದ ಪಾಲಾಗ್ತಿರಲಿಲ್ಲ, ಇಡೀ ಕ್ಲಾಸು ಬಾಯಿಬಾಯಿ ಬಿಡ್ತಿರಲಿಲ್ಲ! ನನ್ನ ಕಾಲು ಓದತ್ತಾ ಅಂತ ಕೇಳಿದನಲ್ಲ? ಓದಿದ್ದಿದ್ರೆ ಆ ಪೆಟ್ಟಿಗೆ ಮೇಲೆ ಬರೆದಿದ್ದನ್ನ ಮೊದಲನೇ ದಿನವೇ ಓದ್ತಿತ್ತು!"

ಕೊನೆಗೂ ಒಂದು ತಕ್ಕ ಉತ್ತರ ಹೊತ್ತಿಗೆ ಸರಿಯಾಗಿ ಬಾಯಿಗೆ ಬಂದಿತ್ತು. ಕೇಳಲು ಗುಮಾಸ್ತ ಮಾತ್ರ ಅಲ್ಲಿರಲಿಲ್ಲ.

ಮೇಡಂ ವಿಭಾಗಕ್ಕೇ ಬಿಟ್ಟುಕೊಟ್ಟ ಪ್ಲೇಯರಿಗೆ ಈಗ ಚೀಟಿ ಅಂಟಿಸಿ, ಡಿಸ್ಕಿನ ಪಕ್ಕದಲ್ಲಿ ಅದಕ್ಕೊಂದು ಜಾಗ ಮಾಡಿಕೊಟ್ಟಿದ್ದಾರೆ. ಯಾರು ಬಂದು ಕೇಳಿದರೂ ಎರಡು ಗಂಟೆಗೆ ಕೊಡುತ್ತಾರೆ. ಎದುರುಮನೆಯಾಕೆಯೂ ದಿನಾ ಮಧ್ಯಾಹ್ನ ತಮ್ಮ ಡಿಸ್ಕ್ ಹಿಡಿದು ಬಂದು ಅಲ್ಲೇ ಕೂತು ಅಳುತ್ತಾರೆ. ಆಕೆಗೂ ಎರಡೇ ಗಂಟೆ. ಕಾಲುಮಣೆಗೆ ಕೊಟ್ಟ ಎರಡನೆಯ ಅರ್ಜಿ ಖರೀದಿ ವಿಭಾಗದಲ್ಲಿ ಪರಿಶೀಲನೆಯಲ್ಲಿದೆ. ಎರಡುಗಂಟೆಯವರ ಕಾಲು ನೆಲ ಮುಟ್ಟುತ್ತಿಲ್ಲ.